ಬರವಣಿಗೆಗೆ ಬೇಕಾದ ಕೈಬಲ: 4ರಿಂದ 7 ವರ್ಷದ ಮಕ್ಕಳಿಗೆ ಯಾವ ಆಟ, ಎಷ್ಟು ಹೊತ್ತು?

ನಲಿಕಲಿ ಟೀಚರ್

ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರು ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ಕೊಡವುತ್ತಾರೆ. ಕೆಲವರ ಗೆರೆ ಕಣ್ಣಿಗೇ ಕಾಣದಷ್ಟು ತೆಳು. ಇನ್ನು ಕೆಲವರು ಒತ್ತಿ ಒತ್ತಿ ಹಾಳೆ ಹರಿಯುತ್ತಾರೆ. ನಲಿಕಲಿಯಲ್ಲಿ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ) ಮೊದಲು ಕಲಿಸುವ ರ, ಗ, ಸ, ದ, ಅ ಗುಂಪನ್ನು ಹೇಗೋ ದಾಟಿಕೊಂಡವರು ಒತ್ತಕ್ಷರಕ್ಕೆ ಬಂದಾಗ ನಿಂತುಬಿಡುತ್ತಾರೆ. "ಸ್ಮೈಲಿ ಬಾಲ್ ಹಿಸುಕಿಸಿ, ಕೈಗೆ ಬಲ ಬರುತ್ತೆ" ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸಾಕೇ? ನೆಲದ ಮೇಲೆ ಕೂರುವ 25 ಮಕ್ಕಳು, ಖರ್ಚಿಗೆ ಹಣವಿಲ್ಲ, ಊರಲ್ಲಿ ಸಿಗುವ ಸಾಮಾನಷ್ಟೇ. ಯಾವ ಆಟ ಯಾವ ಬೆರಳಿಗೆ, ಎಷ್ಟು ಹೊತ್ತು, ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಬಿಡಿಸಿ ಹೇಳಿ.

ಓಟಿ ಮೈಸೂರು

ಟೀಚರ್, ನಾನು ಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ಕೈ-ಮೈ ಪಳಗಿಸುವ ಚಿಕಿತ್ಸಕಿ/ಚಿಕಿತ್ಸಕ). ಬಾಲ್ ಹಿಸುಕಿದರೆ ಮುಷ್ಟಿ ಗಟ್ಟಿಯಾಗುತ್ತದೆ. ಆ ಕೆಲಸವನ್ನು ಹೆಚ್ಚಾಗಿ ಮಾಡುವುದು ಮುಂಗೈಯ ದೊಡ್ಡ ಸ್ನಾಯುಗಳು. ಪೆನ್ಸಿಲ್ಲಿನ ತುದಿಯನ್ನು ಅಕ್ಷರದ ತಿರುವಿನಲ್ಲಿ ನಡೆಸುವುದು ಅಂಗೈಯೊಳಗಿನ ಮತ್ತು ಹೆಬ್ಬೆರಳ ಬುಡದ ಚಿಕ್ಕ ಸ್ನಾಯುಗಳು. ಅವಕ್ಕೆ ಬೇರೆ ಆಟ ಬೇಕು.

ಬರೆಯುವ ಕೈಯನ್ನು ಎರಡು ಭಾಗವಾಗಿ ನೋಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಕೆಲಸ ಮಾಡುತ್ತವೆ. ಉಂಗುರದ ಬೆರಳು, ಕಿರುಬೆರಳು ಮಡಚಿಕೊಂಡು ಹಾಳೆಯ ಮೇಲೆ ಊರಿ ಆಧಾರ ಕೊಡುತ್ತವೆ. ಚಿಕ್ಕ ಮಕ್ಕಳಲ್ಲಿ ಐದೂ ಬೆರಳು ಒಟ್ಟಿಗೇ ಮುಚ್ಚುತ್ತವೆ, ಒಟ್ಟಿಗೇ ತೆರೆಯುತ್ತವೆ. ಈ ಎರಡು ಭಾಗ ಬೇರೆ ಬೇರೆಯಾಗಿ ದುಡಿಯುವುದನ್ನು ಕಲಿಯುವುದೇ ಅರ್ಧ ಕೆಲಸ. ಅದಕ್ಕೊಂದು ಸುಲಭ ಉಪಾಯವಿದೆ: ಯಾವ ಆಟವೇ ಆಗಲಿ, ಉಂಗುರ ಮತ್ತು ಕಿರುಬೆರಳ ಅಡಿಯಲ್ಲಿ ನೆಲ್ಲಿಕಾಯಿ ಗಾತ್ರದ ಕಾಗದದ ಉಂಡೆ ಅಡಗಿಸಿ ಹಿಡಿಯಲು ಹೇಳಿ. ಉಂಡೆ ಬೀಳಬಾರದು, ಉಳಿದ ಮೂರು ಬೆರಳಿಂದ ಆಟ ನಡೆಯಬೇಕು.

ಆಟ ಶುರು ಮಾಡುವ ಮುಂಚೆ ಪ್ರತಿ ಮಗು ಬರೆಯುವುದನ್ನು ಎರಡು ನಿಮಿಷ ಪಕ್ಕದಿಂದ ನೋಡಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ದುಂಡನೆಯ ಕಿಂಡಿ ಇದೆಯೇ, ಇಲ್ಲಾ ಹೆಬ್ಬೆರಳು ತೋರುಬೆರಳಿಗೆ ಅಂಟಿ ಕಿಂಡಿ ಮುಚ್ಚಿದೆಯೇ? ಮುಚ್ಚಿದ್ದರೆ ಹೆಬ್ಬೆರಳ ಬುಡ ದುರ್ಬಲವಿರಬಹುದು. ಬೆರಳು ಅಲ್ಲಾಡದೆ ಇಡೀ ತೋಳು ಅಲ್ಲಾಡುತ್ತಿದ್ದರೆ ಬೆರಳುಗಳಿಗೆ ಇನ್ನೂ ಸ್ವತಂತ್ರ ಚಲನೆ ಬಂದಿಲ್ಲ. ಮಣಿಕಟ್ಟು ಕೆಳಕ್ಕೆ ಬಗ್ಗಿದ್ದರೆ ಬೆರಳಲ್ಲಿ ಬಲವಿದ್ದರೂ ಅದು ಸಿಗುವುದಿಲ್ಲ. ನೀವೇ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿ ಮುಷ್ಟಿ ಕಟ್ಟಿ ನೋಡಿ, ಹಿಡಿತ ಸಡಿಲವಾಗುತ್ತದೆ. ಮಣಿಕಟ್ಟು ಹಿಂದಕ್ಕೆ 20–30 ಡಿಗ್ರಿ ಎದ್ದಿರುವಾಗ ಬೆರಳಿಗೆ ಬಲ ಹೆಚ್ಚು.

ಹಾಳೆ ಹರಿಯುವಷ್ಟು ಒತ್ತುವ ಮಗುವಿಗೆ ಬಲ ಜಾಸ್ತಿ ಎಂದುಕೊಳ್ಳಬೇಡಿ. ಭುಜ, ಮಣಿಕಟ್ಟು ಸ್ಥಿರವಾಗಿಲ್ಲದಿದ್ದರೂ, ಎಷ್ಟು ಒತ್ತುತ್ತಿದ್ದೇನೆ ಎಂಬ ಅಂದಾಜು ಬೆರಳಿಗೆ ಸಿಗದಿದ್ದರೂ ಮಕ್ಕಳು ಪೆನ್ಸಿಲ್ ಬಿಗಿಹಿಡಿದು ಒತ್ತುತ್ತಾರೆ. ಅಂಥವರಿಗೆ ಹಾಳೆಯ ಕೆಳಗೆ ರಟ್ಟಿನ ಪೆಟ್ಟಿಗೆಯ ಸುಕ್ಕು ರಟ್ಟು ಇಟ್ಟು, "ತೂತಾಗದ ಹಾಗೆ ಬರಿ" ಎನ್ನಿ. ಗೆರೆ ತೆಳುವಾದವರಿಗೆ ಎಚ್‌ಬಿ ಬದಲು 2ಬಿ ಪೆನ್ಸಿಲ್ ಕೊಡಿ, ಕಡಿಮೆ ಒತ್ತಡಕ್ಕೇ ಕಪ್ಪಾಗಿ ಮೂಡುತ್ತದೆ. ಕೈ ಬಲವಾಗುವ ತನಕ ಮಗುವಿನ ಉತ್ಸಾಹ ಉಳಿಯಬೇಕಲ್ಲ.

ಇನ್ನೊಂದು ಮಾತು. ಹುಟ್ಟುವಾಗ ಮಣಿಕಟ್ಟಿನ ಚಿಕ್ಕ ಎಲುಬುಗಳು ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಒಂದೊಂದಾಗಿ ಎಲುಬಾಗುತ್ತಾ ಬಂದು, ಕೊನೆಯದು ಸುಮಾರು 8–12 ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ. ಮೂರು ಬೆರಳ ಹಿಡಿತ ಸಾಮಾನ್ಯವಾಗಿ ಮೂರೂವರೆ–ನಾಲ್ಕು ವರ್ಷಕ್ಕೆ ಕಾಣಿಸಿಕೊಂಡರೂ, ಬೆರಳ ತುದಿಯಿಂದಲೇ ಪೆನ್ಸಿಲ್ ಆಡಿಸುವುದು ನಾಲ್ಕೂವರೆಯಿಂದ ಆರರ ನಡುವೆ. ಮೂರೂವರೆ ವರ್ಷದ ಮಗುವಿನ ಕೈಹಿಡಿದು ಪುಟಗಟ್ಟಲೆ ಬರೆಸುವುದನ್ನು ದಯವಿಟ್ಟು ನಿಲ್ಲಿಸಿ.

ಕೋಲಾರದ ಅಮ್ಮ

ಡಿಸೆಂಬರಿನಿಂದ ಫೆಬ್ರವರಿವರೆಗೆ ಅವರೆಕಾಯಿ ಇದ್ದೇ ಇರುತ್ತದೆ. ಹಿದುಕಿದ ಬೇಳೆ ಮಾಡುವ ದಿನ ಮಕ್ಕಳನ್ನೂ ಕೂರಿಸಿಕೊಳ್ಳಿ. ಕಾಯಿ ಸುಲಿಯುವುದೇ ಮೊದಲ ಕೆಲಸ: ನಾರು ಎಳೆದು, ಎರಡೂ ಹೆಬ್ಬೆರಳಿಂದ ಸಿಪ್ಪೆ ಬಿಡಿಸುವುದು. ಇದು ನಾಲ್ಕು ವರ್ಷದವರಿಗೂ ಆಗುತ್ತದೆ. ಹಿದುಕುವುದು ಐದು ದಾಟಿದವರಿಗೆ.

ಕಾಳನ್ನು ರಾತ್ರಿಯಿಡೀ, ಕಡಿಮೆಯೆಂದರೆ 6–8 ತಾಸು ನೆನೆಸಿ. ಚೆನ್ನಾಗಿ ನೆನೆಯದಿದ್ದರೆ ಸಿಪ್ಪೆ ಜಾರುವುದಿಲ್ಲ, ಮಗು ಉಗುರಿನಿಂದ ಕೆರೆಯಲು ಶುರು ಮಾಡುತ್ತದೆ. ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳ ತುದಿಯಲ್ಲಿ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಬರಬೇಕು. ಬಟ್ಟಲನ್ನು ಒಂದು ಗೇಣು ದೂರ ಇಟ್ಟು ಅದರೊಳಗೇ ಚಿಮ್ಮಿಸಿ ಎಂದರೆ ಆಟವಾಗುತ್ತದೆ. ಒಬ್ಬರಿಗೆ 30–40 ಕಾಳು ಸಾಕು. ಆಮೇಲೆ ಬೆರಳ ತುದಿ ಬಿಟ್ಟು ಬೆರಳ ಪಕ್ಕದಿಂದ ಒತ್ತಲು ತೊಡಗುತ್ತಾರೆ, ಅದು ದಣಿವಿನ ಗುರುತು, ಅಲ್ಲಿಗೆ ನಿಲ್ಲಿಸಿ. ಹಸಿ ಕಾಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅವರೆ ಇಲ್ಲದ ಕಾಲಕ್ಕೆ ನೆನೆಸಿದ ಬಾದಾಮಿಯ ಸಿಪ್ಪೆ, ಹಸಿ ಬಟಾಣಿ, ಕಡಲೆಕಾಯಿ. ಹುರಿದ ಕಡಲೆಕಾಯಿಯ ಸಿಪ್ಪೆ ಗಟ್ಟಿ, ಹಸಿಯದು ಇನ್ನೂ ಗಟ್ಟಿ, ಹುರಿದದ್ದರಿಂದಲೇ ಶುರು ಮಾಡಿ.

ಓಟಿ ಮೈಸೂರು

ಇದು ಬಹಳ ಒಳ್ಳೆಯ ಆಟ ಅಮ್ಮ. ಬೆರಳ ತುದಿಗಳು ಎದುರುಬದುರಾಗಿ ಒತ್ತುವಾಗ ಹೆಬ್ಬೆರಳ ಮೇಲಿನ ಗಿಣ್ಣು ಸ್ವಲ್ಪ ಮಡಚಿರಬೇಕು. ಅದು ಹಿಂದಕ್ಕೆ ಬಾಗಿದರೆ ಮಗು ಸ್ನಾಯು ಬಳಸುತ್ತಿಲ್ಲ, ಕೀಲಿನ ಮೇಲೆ ಭಾರ ಹಾಕುತ್ತಿದೆ. ಬಟ್ಟೆ ಕ್ಲಿಪ್ಪಿನ ಆಟದಲ್ಲೂ ಇದನ್ನೇ ನೋಡಿ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಕ್ಲಿಪ್ಪುಗಳ ಸ್ಪ್ರಿಂಗ್ ಎಷ್ಟೋ ಸಲ ಐದು ವರ್ಷದ ಕೈಗೆ ತೀರಾ ಬಿಗಿ. ಹೆಬ್ಬೆರಳು ಹಿಂದಕ್ಕೆ ಬಾಗಿತೋ, ಆ ಕ್ಲಿಪ್ ಬೇಡ, ಮರದ ಚಿಕ್ಕ ಕ್ಲಿಪ್ ಕೊಡಿ. ಮಗುವಿನ ಕಣ್ಣಿನ ಎತ್ತರಕ್ಕೆ ದಾರ ಕಟ್ಟಿ, ಅಕ್ಷರದ ಚೀಟಿ ನೇತುಹಾಕಲು ಹತ್ತು ಕ್ಲಿಪ್ ಕೊಟ್ಟರೆ ಮಣಿಕಟ್ಟು ತಾನಾಗಿ ಮೇಲೆದ್ದ ಸ್ಥಿತಿಗೆ ಬರುತ್ತದೆ, ಭುಜವೂ ಕೆಲಸ ಮಾಡುತ್ತದೆ. ದಾರ ಸೊಂಟದ ಎತ್ತರದಲ್ಲಿದ್ದರೆ ಆ ಲಾಭವಿಲ್ಲ.

ಕುಡ್ಲದ ಆಟಗಾತಿ

ಚೆನ್ನೆಮಣೆಯನ್ನು ಯಾರೂ ಹೇಳಲಿಲ್ಲ! ಘಟ್ಟದ ಮೇಲೆ ಅಳಗುಳಿ ಮಣೆ ಅನ್ನುತ್ತೀರಿ. ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ಗುಳಿಗೆ 4 ಕಾಯಿ ಹಾಕಿದರೆ 56 ಕಾಯಿ ಬೇಕು.

ಆಡುವಾಗ ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ ಅಂಗೈಯಲ್ಲಿ ಹಿಡಿದು, ಅವುಗಳಲ್ಲಿ ಒಂದೊಂದನ್ನೇ ಹೆಬ್ಬೆರಳಿಂದ ಬೆರಳ ತುದಿಗೆ ತಳ್ಳಿ ಮುಂದಿನ ಗುಳಿಗಳಿಗೆ ಬಿಡಬೇಕು. ಉಳಿದ ಕಾಯಿ ಉಂಗುರ ಮತ್ತು ಕಿರುಬೆರಳ ಹಿಡಿತದಲ್ಲೇ ಇರಬೇಕು. ಓಟಿಯವರು ಮೇಲೆ ಹೇಳಿದ ಕೈಯ ಎರಡು ಭಾಗದ ಕೆಲಸ ಇದರಲ್ಲಿ ಪೂರ್ತಿ ಬರುತ್ತದೆ. ಮಕ್ಕಳು ಮಾಡುವ ಕಳ್ಳದಾರಿ ಎರಡು: ಎಡಗೈಯಲ್ಲಿ ಕಾಯಿ ಇಟ್ಟುಕೊಂಡು ಬಲಗೈಯಿಂದ ಹೆಕ್ಕುವುದು, ಅಥವಾ ಅಂಗೈಯನ್ನು ಹೊಟ್ಟೆಗೆ ಒತ್ತಿ ಕಾಯಿ ಜಾರಿಸುವುದು. ಒಂದೇ ಕೈ, ಮೈಗೆ ತಾಗಿಸುವಂತಿಲ್ಲ ಎಂಬ ನಿಯಮ ಹಾಕಿ. ಮೊದಲ ವಾರ ಗುಳಿಗೆ 2 ಕಾಯಿ ಮಾತ್ರ. ಅಂಗೈ ಚಿಕ್ಕದು, 4 ಕಾಯಿಯಿಂದ ಶುರು ಮಾಡಿದರೆ ಆಟ ಬೆಳೆದು ಒಂದೇ ಗುಳಿಯಲ್ಲಿ ಹತ್ತು ಹನ್ನೆರಡು ಸೇರಿ ಕೈಯಿಂದ ಚೆಲ್ಲಿಹೋಗುತ್ತವೆ.

ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿ 14 ಗುಳಿ ಮಾಡಿಕೊಳ್ಳಿ. ಹುಣಸೆ ಬೀಜ ಅಥವಾ ಮಂಜೊಟ್ಟಿ ಕಾಯಿ (ಚುಕ್ಕೆಯಿಲ್ಲದ, ಪೂರ್ತಿ ಕೆಂಪು ಬೀಜ) ಸಾಕು. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ಮಾತ್ರ ಬೇಡವೇ ಬೇಡ. ಅದು ವಿಷದ ಬೀಜ, ಜಗಿದು ನುಂಗಿದರೆ ಜೀವಕ್ಕೇ ಅಪಾಯ. ಮೂರು ವರ್ಷದ ಒಳಗಿನ ತಮ್ಮ ತಂಗಿ ಇರುವ ಮನೆಯಲ್ಲಿ ಯಾವ ಬೀಜವೂ ನೆಲದ ಮೇಲೆ ಉಳಿಯಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಳೇ ಮೇಷ್ಟ್ರು

ಎಲ್ಲವೂ ಸರಿ. ಆದರೆ ಬರೆಯುವುದನ್ನು ಕಲಿಯಬೇಕಾದರೆ ಬರೆಯಬೇಕು. ಅವರೆ ಹಿದುಕಿದ ಮಾತ್ರಕ್ಕೆ 'ಣ' ಬರುವುದಿಲ್ಲ. ಹಿಂದೆ ಮರಳ ಮೇಲೆ ಬೆರಳಿಂದ ತಿದ್ದಿಸುತ್ತಿದ್ದರು, ಆಮೇಲೆ ಸ್ಲೇಟು ಬಳಪ. ದಿನಾ ತಿದ್ದಿ ತಿದ್ದಿ ಅಕ್ಷರ ಮುತ್ತಿನಂತೆ ಆಗುತ್ತಿತ್ತು. ಆಟದ ಹೆಸರಲ್ಲಿ ತಿದ್ದುವ ಅಭ್ಯಾಸ ಕೈಬಿಟ್ಟುಹೋಗುತ್ತದೆ ಎಂಬುದೇ ನನ್ನ ಆಕ್ಷೇಪ.

ಓಟಿ ಮೈಸೂರು

ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಮುಖ್ಯವಾದ ಸತ್ಯವಿದೆ. ಕೈಬರಹ ಸುಧಾರಿಸುವ ವಿಧಾನಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಲೇಖನವೊಂದು 2011ರಲ್ಲಿ ಕೆನಡಾದ ಆಕ್ಯುಪೇಷನಲ್ ಥೆರಪಿ ನಿಯತಕಾಲಿಕದಲ್ಲಿ ಬಂತು. ಬರವಣಿಗೆಯ ಅಭ್ಯಾಸವೇ ಇಲ್ಲದ ತರಬೇತಿಯಿಂದ ಕೈಬರಹ ಸುಧಾರಿಸಲಿಲ್ಲ, ಅಭ್ಯಾಸ ಇದ್ದರೂ 20 ಪಾಠಕ್ಕಿಂತ ಕಡಿಮೆಯಾದರೆ ಫಲ ಕಾಣಲಿಲ್ಲ ಎಂಬುದು ಅದರ ತೀರ್ಮಾನ. ಹಾಗಾಗಿ ಆಟ ಆಡಿಸಿ ಅಕ್ಷರ ತಾನಾಗಿ ಬರುತ್ತದೆಂದು ಕಾಯಬಾರದು.

ಆದರೆ ನಾಲ್ಕು ಸಾಲಿಗೆ ಕೈ ನೋಯುವ ಮಗುವಿಗೆ ಹತ್ತು ಸಾಲು ತಿದ್ದಿಸಿದರೆ ಅದು ನೋವು ತಪ್ಪಿಸಿಕೊಳ್ಳುವ ತಪ್ಪು ಹಿಡಿತವನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಆಟ 10 ನಿಮಿಷ, ತಿದ್ದುವುದು 5 ನಿಮಿಷ, ವಾರಕ್ಕೆ ಐದು ದಿನ. ಎರಡೂ ಬೇಕು. ಕ್ಲಿಪ್, ಹಿಟ್ಟಿನಂಥ ಬಿಗಿ ಆಟ ಆಡಿಸಿದ ಕೂಡಲೇ ಬರೆಸಬೇಡಿ. ದಣಿದ ಬೆರಳು ಇನ್ನಷ್ಟು ನಡುಗುತ್ತದೆ. ನಡುವೆ ಹಾಡು, ಕಥೆ ಏನಾದರೂ ಇರಲಿ. ಬರೆಯುವ ಮುಂಚೆ ಬೇಕಾದ್ದು ಒಂದೆರಡು ನಿಮಿಷದ ಸಣ್ಣ ತಯಾರಿ: ಅಂಗೈ ಉಜ್ಜುವುದು, ಹೆಬ್ಬೆರಳನ್ನು ಒಂದೊಂದು ಬೆರಳಿಗೂ ಮುಟ್ಟಿಸುವುದು, ಪೆನ್ಸಿಲ್ಲಿನ ಬುಡದಿಂದ ತುದಿಗೆ ಮೂರು ಬೆರಳನ್ನು ಇರುವೆಯ ಹಾಗೆ ನಡೆಸುವುದು.

ಹಳೇ ಮೇಷ್ಟ್ರು

ಹಾಗಾದರೆ ನನ್ನ ಆಕ್ಷೇಪ ಮುಗಿಯಿತು. ತಿದ್ದುವ ಆ ಐದು ನಿಮಿಷದ ಬಗ್ಗೆ ನಾನು ಹೇಳುತ್ತೇನೆ. ಕನ್ನಡದ ಅಕ್ಷರ ದುಂಡು. ಬಳಪ ಎತ್ತದೆ ದಿಕ್ಕು ಬದಲಿಸುವ 'ಣ'ದಂಥ ಅಕ್ಷರದಲ್ಲಿ ಮಕ್ಕಳು ತಿರುವಿಗೆ ಬಂದು ನಿಲ್ಲುತ್ತಾರೆ, ಅಲ್ಲಿ ಮೂಲೆ ಮೂಡುತ್ತದೆ. ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೊಳ ಎತ್ತರದ ಅಕ್ಷರ, ಆಮೇಲೆ ಸ್ಲೇಟಿನಲ್ಲಿ 8 ಸೆಂ.ಮೀ., ಅಲ್ಲಿ ಸರಾಗವಾದ ಮೇಲೆ 4, ಕೊನೆಗೆ ಹಾಳೆಯಲ್ಲಿ 2 ಸೆಂ.ಮೀ. ಗೆರೆ. ಒಂದು ದಿನಕ್ಕೆ ಒಂದೇ ಅಕ್ಷರ, ಐದಾರು ಸಲ. ಪ್ರತಿ ಸಲ ಎಲ್ಲಿ ಶುರು ಎಂದು ಚುಕ್ಕೆ ಇಡಿ. ಆರರಲ್ಲಿ ಚೆನ್ನಾಗಿ ಬಂದದ್ದಕ್ಕೆ ಮಗುವೇ ಸುತ್ತು ಹಾಕಲಿ.

ಒತ್ತಕ್ಷರದ ವಿಷಯ: ಒತ್ತು ಮುಖ್ಯ ಅಕ್ಷರದ ಅರ್ಧದಷ್ಟು ಗಾತ್ರ. ತೋಳಿಂದ ಬರೆಯುವ ಮಗುವಿಗೆ ಅಷ್ಟು ಚಿಕ್ಕದು ಬರುವುದೇ ಇಲ್ಲ. 'ಅಪ್ಪ', 'ಅಕ್ಕ' ಪದಗಳನ್ನು 4 ಸೆಂ.ಮೀ. ಗಾತ್ರದಲ್ಲಿ ಬರೆಸಿದರೆ ಒತ್ತಿಗೆ 2 ಸೆಂ.ಮೀ. ಸಿಗುತ್ತದೆ. ಒತ್ತು ಬರೆಯುವಾಗ ಅಂಗೈಯ ಅಂಚು ಕದಲಬಾರದು, ಬೆರಳಷ್ಟೇ ಆಡಬೇಕು. ಒತ್ತಿಗೆ ಗೆರೆಯ ಕೆಳಗೆ ಜಾಗ ಬಿಡದ ಕಾಪಿ ಪುಸ್ತಕ ಕೊಟ್ಟು ಮಗುವನ್ನು ಗದರುವುದು ಅನ್ಯಾಯ.

ಬಳಪದ ಕಡ್ಡಿಯನ್ನು ಮುರಿದು 3 ಸೆಂ.ಮೀ. ತುಂಡು ಕೊಡಿ. ಉದ್ದನೆಯ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಬಹುದು, ತುಂಡನ್ನು ಮೂರು ಬೆರಳಲ್ಲೇ ಹಿಡಿಯಬೇಕಾಗುತ್ತದೆ. ಕ್ರೆಯಾನಿಗೂ ಇದೇ ಮಾತು.

ಧಾರವಾಡದ ಅಕ್ಕೋರು

ನಮ್ಮ ಕಡೆ ಮನ್ಯಾಗ ದಿನಾ ರೊಟ್ಟಿ. ಜ್ವಾಳದ ಹಿಟ್ಟಿಗೆ ಜಿಗಿ ಕಡಿಮಿ, ಅಂಚು ಬಿರಿತಾವು. ಆ ಬಿರುಕನ್ನ ಮೂರು ಬೆರಳಿಲೆ ಚಿವುಟಿ ಚಿವುಟಿ ಕೂಡಿಸೂದನ್ನ ಹುಡುಗೂರಿಗೆ ಬಿಡ್ರಿ, ಬೆರಳ ತುದಿಗೆ ಅದಕ್ಕಿಂತ ಛಲೋ ಕೆಲಸ ಇಲ್ಲ. ಬಿಸಿ ನೀರಾಗ ಕಲಸಿದ್ದು ಪೂರಾ ಆರಿರಬೇಕು. ನಾದೂದು ಮಾತ್ರ ನಿಂತು ಮಾಡಿಸ್ರಿ, ಕುಂತು ನಾದಿದ್ರ ಭುಜದ ಭಾರ ಬೀಳೂದಿಲ್ಲ.

ಸಾಲ್ಯಾಗ ಇಡಾಕ ಬರೂ ಹಿಟ್ಟು ಬೇಕಂದ್ರ ಹಿಂಗ ಮಾಡ್ರಿ. ಮೈದಾ 2 ಬಟ್ಟಲ, ಉಪ್ಪು 1 ಬಟ್ಟಲ, ನೀರು 2 ಬಟ್ಟಲ, ಎಣ್ಣಿ 2 ದೊಡ್ಡ ಚಮಚ, ಲಿಂಬಿ ರಸ 2 ದೊಡ್ಡ ಚಮಚ. ಎಲ್ಲಾ ಗಂಟಿಲ್ಲದಂಗ ಕಲಸಿ ಸಣ್ಣ ಉರಿ ಮ್ಯಾಲ ಕೈ ಬಿಡದ ತಿರುವ್ರಿ. ಐದು ನಿಮಿಷದಾಗ ಗಟ್ಟಿಯಾಗಿ ಪಾತ್ರಿ ಬಿಟ್ಟು ಮುದ್ದಿ ಆಗತೈತಿ. ಆರಿದ ಮ್ಯಾಲ ನುಣ್ಣಗಾಗೂ ತನಕ ನಾದ್ರಿ. ಬಣ್ಣಕ್ಕ ಅರಿಶಿಣ, ಬೀಟ್‌ರೂಟ್ ರಸ ಸಾಕು. ಮುಚ್ಚಳ ಬಿಗಿ ಇರೂ ಡಬ್ಬ್ಯಾಗ ಹಾಕಿ ಇಡ್ರಿ. ಉಪ್ಪು ಭಾಳ ಇರತೈತಿ, ಬಾಯಿಗೆ ಹಾಕೂ ಸಣ್ಣ ಕೂಸಿನ ಕೈಗೆ ಕೊಡಬ್ಯಾಡ್ರಿ.

ಹಿಟ್ಟು ಕೊಟ್ಟು ಸುಮ್ಮನ ಬಿಟ್ರ ಅಂಗೈಲೆ ತಟ್ಟಿ ಕುಂದರತಾವು. ಕೆಲಸ ಹೇಳ್ರಿ: ಬಟಾಣಿಯಷ್ಟ ಉಂಡಿ ಮೂರು ಬೆರಳಿನಾಗ ತಿರುವಿ 15 ಮಾಡೂದು. ಮುದ್ದಿಯೊಳಗ 10 ಹುಣಸಿ ಬೀಜ ಹುಗಿಸಿ ಕೊಡ್ರಿ, ಚಿವುಟಿ ತಗೀಲಿ. ದಾರದಂಗ ಉದ್ದ ಎಳಿ ಮಾಡಿ ಅದರಿಂದ 'ರ', 'ಗ' ಜೋಡಸಲಿ. ಹಿಟ್ಟು ಮೆತ್ತಗಾದ್ರ ಬೆರಳಿಗೆ ಕೆಲಸಾ ಇಲ್ಲ, ಕಾಲು ಬಟ್ಟಲ ಮೈದಾ ಸೇರಿಸಿ ಗಟ್ಟಿ ಮಾಡ್ಕೋರಿ.

ಕತ್ತರಿ ವಿಷಯ ಒಂದ ಹೇಳತೇನಿ. ಎಲ್ಲಾರೂ ಮೊದಲ ಪೇಪರ್ ಕೊಡತಾರ. ಅದು ತೆಳ್ಳಗ, ಕತ್ತರಿ ನಡುವ ಮಡಚಿಕೊಂಡು ಬಿಡತೈತಿ, ಕೂಸು ಸಿಟ್ಟಿಗೇಳತೈತಿ. ಹಳೀ ಲಗ್ನಪತ್ರಿಕಿ ದಪ್ಪ ಇರತಾವು, 1 ಸೆಂ.ಮೀ. ಅಗಲದ ಪಟ್ಟಿ ಮಾಡಿ ಕೊಡ್ರಿ. ಒಂದ ಸಲ ಕತ್ತರಿ ಮುಚ್ಚಿದ್ರ ತುಂಡು ಬೀಳಬೇಕು. ಅದು ಬಂದ ಮ್ಯಾಲ 15 ಸೆಂ.ಮೀ. ನೆಟ್ಟನ ಗೆರಿ, ಆಮ್ಯಾಲ ಅರ್ಧ ಚಂದ್ರ, ಕಡೀಕ ಪೂರಾ ದುಂಡು. ಹೆಬ್ಬಟ್ಟು ಯಾವಾಗಲೂ ಮ್ಯಾಲ, ಮೊಣಕೈ ಪಕ್ಕಕ್ಕ ಅಂಟಿರಬೇಕು. ಕತ್ತರಿ ತಿರುಗಬಾರದು, ಎಡಗೈ ಹಾಳಿ ತಿರುವಬೇಕು.

ಉಡುಪಿ ಬಾಲವಾಡಿ

ಅಕ್ಕೋರೇ, ಮಳೆಗಾಲದಲ್ಲಿ ಈ ಉಪ್ಪು ಹಿಟ್ಟು ಎರಡೇ ದಿನಕ್ಕೆ ಒದ್ದೆಯಾಗಿ ಕೈಗೆ ಅಂಟುತ್ತದೆ. ಏನು ಮಾಡುವುದು?

ಧಾರವಾಡದ ಅಕ್ಕೋರು

ಉಪ್ಪು ಗಾಳ್ಯಾಗಿನ ನೀರು ಎಳಕೋತೈತಿ, ನಿಮ್ಮ ಕಡೆ ಅದು ತಪ್ಪೂದಿಲ್ಲ. ಒಂದು ದೊಡ್ಡ ಚಮಚ ಮೈದಾ, ಸ್ವಲ್ಪ ಎಣ್ಣಿ ಹಾಕಿ ಮತ್ತ ನಾದ್ರಿ. ವಾಸನಿ ಬಂತಂದ್ರ ಚೆಲ್ಲಿಬಿಡ್ರಿ. ಇಲ್ಲಾಂದ್ರ ಮಳಿಗಾಲಕ್ಕ ಕುಂಬಾರರ ಹತ್ತಿರ ಜರಡಿ ಹಿಡಿದ ಜೇಡಿಮಣ್ಣು ತರ್ರಿ, ಒದ್ದಿ ಬಟ್ಟಿ ಸುತ್ತಿ ಇಟ್ರ ಮೆತ್ತಗ ಇರತೈತಿ. ಹಿಟ್ಟಿಗಿಂತ ಮಣ್ಣು ಗಟ್ಟಿ, ಬೆರಳಿಗೆ ಹೆಚ್ಚಿನ ಕೆಲಸ. ಹರಳು, ಗಾಜು ಇಲ್ಲದ್ದನ್ನ ನೋಡಿಕೊಂಡು ತರ್ರಿ.

ಮರಗೆಲಸದವ

ಮಾಡಿಡಬಹುದಾದ ಮೂರು ಸಾಮಾನು.

ಬಾಯಿ ತೆರೆಯುವ ಚೆಂಡು: ಹಳೆಯ ಟೆನಿಸ್ ಬಾಲನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿದು ಕಟರ್‌ನಿಂದ 5–6 ಸೆಂ.ಮೀ. ಸೀಳಬೇಕು, ಇದು ದೊಡ್ಡವರ ಕೆಲಸ. ಮೇಲೆ ಕಣ್ಣು ಬಿಡಿಸಿ. ಒಂದು ಕೈಯಲ್ಲಿ ಎರಡೂ ತುದಿ ಒತ್ತಿದರೆ ಬಾಯಿ ತೆರೆಯುತ್ತದೆ, ಇನ್ನೊಂದು ಕೈಯಿಂದ ಹುಣಸೆ ಬೀಜ ತಿನ್ನಿಸಬೇಕು. ಸೀಳು ಚಿಕ್ಕದಾದರೆ ಬಾಯಿ ತೆರೆಯುವುದೇ ಇಲ್ಲ, ಮಗು ಎರಡೂ ಕೈ ಹಾಕುತ್ತದೆ. ಆಗ ಅರ್ಧ ಸೆಂ.ಮೀ.ನಂತೆ ಹೆಚ್ಚಿಸುತ್ತಾ ಹೋಗಿ. ಹೊಸ ಬಾಲು ತೀರಾ ಗಟ್ಟಿ, ಆಡಿ ಸವೆದದ್ದೇ ಒಳ್ಳೆಯದು.

ಇಳಿಜಾರು ಹಲಗೆ: ನೆಲದ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟು ಬರೆದರೆ ಮಣಿಕಟ್ಟು ಕೆಳಕ್ಕೆ ಬಗ್ಗುತ್ತದೆ, ಬೆನ್ನೂ ಗೂನಾಗುತ್ತದೆ. 40 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಪ್ಲೈವುಡ್ಡಿನ ಹಿಂತುದಿಗೆ 10 ಸೆಂ.ಮೀ. ಪಟ್ಟಿ ಹೊಡೆದರೆ ಸುಮಾರು 20 ಡಿಗ್ರಿ ಇಳಿಜಾರು ಬರುತ್ತದೆ. ಕೆಳಗಿನ ಅಂಚಿಗೆ ಒಂದು ಬೆರಳಗಲದ ತಡೆಪಟ್ಟಿ ಇಲ್ಲದಿದ್ದರೆ ಸ್ಲೇಟು ಜಾರುತ್ತದೆ. ಹಲಗೆ ಇಡುವ ಮಣೆಯ ಎತ್ತರ ಹೀಗಿರಲಿ: ಮಗು ಕೂತು ಮೊಣಕೈ ಮಡಚಿದಾಗ ಅದಕ್ಕಿಂತ ನಾಲ್ಕೈದು ಸೆಂ.ಮೀ. ಮೇಲೆ. ಮರಗೆಲಸ ಆಗದಿದ್ದರೆ ದಪ್ಪ ಬೆನ್ನಿನ ಆಫೀಸು ಫೈಲನ್ನು, ದಪ್ಪ ಭಾಗ ಮಗುವಿನಿಂದ ಆಚೆಗಿರುವಂತೆ ಅಡ್ಡ ಮಲಗಿಸಿದರೂ ಆಯಿತು.

ಬುಗುರಿ: ಹಗ್ಗದ್ದಲ್ಲ, ಬೆರಳಿಂದ ತಿರುಗಿಸುವ ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಬುಗುರಿ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಕಡ್ಡಿ ಹಿಡಿದು ತಿರುಗಿಸಬೇಕು. ಅಂಗೈಗಳ ನಡುವೆ ಉಜ್ಜಿ ತಿರುಗಿಸಿದರೆ ಬೆರಳಿಗೆ ಏನೂ ಸಿಗಲಿಲ್ಲ. ಕಡ್ಡಿ ತೀರಾ ಸಣ್ಣದೆನಿಸಿದರೆ ಒಂದು ಸುತ್ತು ಬಟ್ಟೆ ಟೇಪ್ ಸುತ್ತಿ.

ಎರಡು ಮಕ್ಕಳ ಅಪ್ಪ

ಪೆನ್ಸಿಲ್ಲಿಗೆ ಹಾಕುವ ರಬ್ಬರ್ ಗ್ರಿಪ್ ಬಗ್ಗೆ ಏನು ಹೇಳುತ್ತೀರಿ? ನಾಲ್ಕು ಬೆರಳಲ್ಲಿ ಹಿಡಿಯುವ ಮಗುವನ್ನು ಮೂರು ಬೆರಳಿಗೆ ತಿದ್ದಲೇಬೇಕೇ?

ಓಟಿ ಮೈಸೂರು

ತಿದ್ದಲೇಬೇಕೆಂದಿಲ್ಲ ಸರ್. 4ನೇ ತರಗತಿಯ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕು ಬಗೆಯ ಹಿಡಿತಗಳನ್ನು ಹೋಲಿಸಿದರು. ಮೂರು ಬೆರಳಿನವು ಎರಡು, ನಾಲ್ಕು ಬೆರಳಿನವು ಎರಡು. ವೇಗದಲ್ಲೂ ಸ್ಪಷ್ಟತೆಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ನೋವಿಲ್ಲದೆ, ಬೆರಳು ಆಡುತ್ತಾ, ಓದಲು ಬರುವಂತೆ ಬರೆಯುತ್ತಿದ್ದರೆ ಬಿಟ್ಟುಬಿಡಿ. ಮುಷ್ಟಿ ಹಿಡಿತ, ಹೆಬ್ಬೆರಳನ್ನು ಬೆರಳುಗಳ ಒಳಗೆ ಹುದುಗಿಸುವುದು, ಬೆರಳ ತುದಿ ಬಿಳಿಚುವಷ್ಟು ಬಿಗಿತ, ಇವುಗಳಿಗೆ ಮಾತ್ರ ಗಮನ ಕೊಡಿ.

ರಬ್ಬರ್ ಗ್ರಿಪ್ ಬೆರಳು ಎಲ್ಲಿಡಬೇಕೆಂದು ತೋರಿಸುತ್ತದೆ, ಬಲ ಕೊಡುವುದಿಲ್ಲ. ಬಲವಿಲ್ಲದ ಕೈ ಗ್ರಿಪ್ಪಿನ ಮೇಲೂ ತಪ್ಪಾಗಿಯೇ ಹಿಡಿಯುತ್ತದೆ. ಅದಕ್ಕಿಂತ ತ್ರಿಕೋನದ ದಪ್ಪ ಪೆನ್ಸಿಲ್, ಅದೂ 8–9 ಸೆಂ.ಮೀ. ತುಂಡು. ತುದಿಯಿಂದ ಸುಮಾರು 2.5 ಸೆಂ.ಮೀ. ಮೇಲೆ ಬಣ್ಣದ ಗೆರೆ ಹಾಕಿ, ಬೆರಳು ಅಲ್ಲಿ ಕೂರಲಿ.

ಎಡಗೈ ಬಳಗ

ಎಡಗೈಯವರಿಗೆ ಆ ಗೆರೆ 3–4 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ಬರೆದದ್ದು ಕೈಯಡಿ ಮುಚ್ಚಿಹೋಗುತ್ತದೆ. ಅದನ್ನು ನೋಡಲೆಂದೇ ಅವರು ಮಣಿಕಟ್ಟನ್ನು ಕೊಕ್ಕೆಯಾಗಿ ಬಗ್ಗಿಸುವುದು. ಹಾಳೆ ಎದೆಯ ನಡುವಿಗಿಂತ ಎಡಕ್ಕಿರಲಿ, ಮೇಲ್ತುದಿ ಬಲಕ್ಕೆ ವಾಲಲಿ, ಎಡ ಮುಂಗೈಗೂ ಹಾಳೆಯ ಅಂಚಿಗೂ ಒಂದೇ ಓರೆ. ಸಾಲಿನಲ್ಲಿ ಎಡತುದಿಗೆ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಕತ್ತರಿ ಎಡಗೈಯದೇ ಬೇಕು. ಬಲಗೈ ಕತ್ತರಿಯಲ್ಲಿ ಅವರಿಗೆ ಕತ್ತರಿಸುವ ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ, ಕಾಗದವೂ ಮಡಚಿಕೊಳ್ಳುತ್ತದೆ. ಬಲಗೈಗೆ ಬದಲಾಯಿಸಲು ಹೋಗಲೇಬೇಡಿ.

ಹೊರದೇಶದ ಕನ್ನಡ ತರಗತಿ

ವಾರಕ್ಕೊಮ್ಮೆ ಕನ್ನಡ ಕಲಿಯುವ ಮಕ್ಕಳಿಗೆ ದಿನಾ ತಿದ್ದಿಸಲು ಆಗುವುದಿಲ್ಲ. ಇಂಗ್ಲಿಷ್ ಅಕ್ಷರ ಬರೆದು ಕೈಗೆ ಬಲ ಬಂದಿರುತ್ತದೆ, ಆದರೂ ಕನ್ನಡದ ದುಂಡು ಮುರಿದು ಮುರಿದು ಬರುತ್ತದೆ.

ಹಳೇ ಮೇಷ್ಟ್ರು

ಅಲ್ಲಿ ಕೊರತೆ ಬಲದ್ದಲ್ಲ, ತಿರುವಿನ ರೂಢಿಯದು. ತಟ್ಟೆಯಲ್ಲಿ ಅರ್ಧ ಸೆಂ.ಮೀ. ದಪ್ಪ ರವೆ ಹರಡಿ ಬೆರಳಿಂದ ಬರೆಸಿ. ರಂಗೋಲಿಯೂ ಆಗುತ್ತದೆ: ಅಕ್ಕಿ ಹಿಟ್ಟನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಡಿದು ಎಳೆ ಬಿಡುತ್ತಾ, 3 ಚುಕ್ಕೆ 3 ಸಾಲಿನ ಸುತ್ತು ರಂಗೋಲಿ. ಚುಕ್ಕೆಯ ಸುತ್ತ ಒಮ್ಮೆ ಬಲಕ್ಕೆ, ಮುಂದಿನದಕ್ಕೆ ಎಡಕ್ಕೆ ಎಳೆ ತಿರುಗುತ್ತದೆ, ಕನ್ನಡದ ಅಕ್ಷರಕ್ಕೆ ಬೇಕಾದದ್ದೂ ಅದೇ. ಹಿಟ್ಟಿನ ಎಳೆ ಕಡಿದರೆ ಬೆರಳು ಬಿಗಿಯಾಗಿದೆ, ಸುರಿದರೆ ಸಡಿಲವಾಗಿದೆ. ಮಗುವಿಗೇ ಗೊತ್ತಾಗುತ್ತದೆ.

ಮಕ್ಕಳ ಡಾಕ್ಟರು

ಆಟದಿಂದ ಸರಿಹೋಗದವೂ ಇವೆ. ಒಂದೂವರೆ ವರ್ಷದ ಒಳಗೇ ಮಗು ಒಂದೇ ಕೈಯನ್ನು ಗಟ್ಟಿಯಾಗಿ ಆರಿಸಿಕೊಂಡರೆ ಇನ್ನೊಂದು ಕೈ ದುರ್ಬಲವಿರಬಹುದು, ತೋರಿಸಿ. ಮೊದಲು ಬರುತ್ತಿದ್ದ ಕೆಲಸ ಈಗ ಬರುತ್ತಿಲ್ಲವೆಂದರೆ, ಬೆರಳ ಗಿಣ್ಣು ಊದಿದ್ದರೆ, ಕೈ ನಡುಗುತ್ತಿದ್ದರೆ ತಡ ಮಾಡಬೇಡಿ. ನೆಲದಿಂದ ಏಳುವಾಗ ಮಗು ತನ್ನ ತೊಡೆಗಳ ಮೇಲೆ ಕೈಯೂರಿ ಹತ್ತಿದಂತೆ ಏಳುತ್ತಿದ್ದರೆ ಅದು ಸ್ನಾಯುರೋಗದ ಲಕ್ಷಣವಿರಬಹುದು, ತಕ್ಷಣ ಮಕ್ಕಳ ವೈದ್ಯರ ಬಳಿ ಕರೆದೊಯ್ಯಿರಿ. ಗೆರೆಯ ಮೇಲೆ ಬರೆಯಲಾಗದ ಮಗುವಿನ ಕಣ್ಣನ್ನೂ ಪರೀಕ್ಷಿಸಬೇಕು.

ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ: ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಅನುಮಾನವಿರುವ ಮಗುವಿನ ಹೆಸರು ಮೊದಲೇ ಬರೆದಿಟ್ಟುಕೊಂಡು ಅವರಿಗೆ ಹೇಳಿ. ಜಿಲ್ಲಾ ಮಟ್ಟದ ಡಿಇಐಸಿಗೆ (ಮಕ್ಕಳ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡಿಸುವ ಸರ್ಕಾರಿ ಕೇಂದ್ರ) ಅವರೇ ಕಳುಹಿಸುತ್ತಾರೆ.

ನಲಿಕಲಿ ಟೀಚರ್

ಎಲ್ಲರಿಗೂ ನಮಸ್ಕಾರ. ನಲಿಕಲಿಯಲ್ಲಿ ಹೇಗೂ ಮಕ್ಕಳು 'ತಟ್ಟೆ' ಎನ್ನುವ ಐದು ಗುಂಪುಗಳಲ್ಲಿ ಕೂರುತ್ತಾರೆ. ಐದು ಡಬ್ಬಿ ಮಾಡುತ್ತಿದ್ದೇನೆ, ಗುಂಪಿಗೆ ಐವರು. ಒಂದರಲ್ಲಿ ಮೊಟ್ಟೆ ಟ್ರೇಯ ಚೆನ್ನೆ, ಇನ್ನೊಂದರಲ್ಲಿ ದಾರ ಮತ್ತು 50 ಕ್ಲಿಪ್, ಮೂರನೆಯದು ಹಿಟ್ಟು, ನಾಲ್ಕನೆಯದು ಕತ್ತರಿ ಮತ್ತು ಲಗ್ನಪತ್ರಿಕೆಯ ಪಟ್ಟಿ, ಐದನೆಯದು ಗೋಡೆಯ ಕರಿಹಲಗೆ ಮೇಲೆ ನೀರು ಅದ್ದಿದ ಬ್ರಷ್‌ನಿಂದ ಅಕ್ಷರ. ದಿನಕ್ಕೆ ಒಂದು ಡಬ್ಬಿ 10 ನಿಮಿಷ, ವಾರದಲ್ಲಿ ಪ್ರತಿ ಮಗು ಐದನ್ನೂ ಮುಗಿಸುತ್ತದೆ. ನಂತರ ಒಂದು ಹಾಡು, ಆಮೇಲೆ ಸ್ಲೇಟಿನಲ್ಲಿ 5 ನಿಮಿಷ. ಭುಜಕ್ಕೆ ಬೇರೆ ಆಟ ಬೇಕೇ?

ಓಟಿ ಮೈಸೂರು

ಬೇಕು, ಬೆಳಗಿನ ಪ್ರಾರ್ಥನೆಯ ನಂತರ ಎರಡು ನಿಮಿಷ ಸಾಕು. ಕರಡಿ ನಡಿಗೆ, ಏಡಿ ನಡಿಗೆ ಮೂರ್ನಾಲ್ಕು ಮೀಟರ್. ಕೈಗಾಡಿ ಆಟ (ಒಬ್ಬರು ಕಾಲು ಎತ್ತಿ ಹಿಡಿದಾಗ ಮಗು ಕೈಯೂರಿ ನಡೆಯುವುದು) ಆಡಿಸುವುದಾದರೆ ಮಗುವಿನ ಕಾಲನ್ನು ಪಾದದ ಬಳಿ ಹಿಡಿಯಬೇಡಿ, ನಡು ಕುಸಿದು ಬೆನ್ನಿಗೆ ಪೆಟ್ಟಾಗುತ್ತದೆ. ಮಂಡಿಯ ಮೇಲೆ, ತೊಡೆಯ ಬಳಿ ಹಿಡಿಯಿರಿ. ಅಂಗೈ ಪೂರ್ತಿ ನೆಲಕ್ಕೆ ಊರಿರಲಿ, ಬೆರಳು ಅಗಲವಾಗಿರಲಿ. ಬೋರಲು ಮಲಗಿ ಮೊಣಕೈ ಊರಿ ಚಿತ್ರ ಬಿಡಿಸುವುದೂ ಭುಜಕ್ಕೆ ಒಳ್ಳೆಯದು, ಆದರೆ ಐದು ನಿಮಿಷ ಮೀರಿದರೆ ಕತ್ತು ನೋಯುತ್ತದೆ.

ಬ್ರಷ್ ಆಟದಲ್ಲಿ ಅಕ್ಷರ ಮಗುವಿನ ಮೂಗಿನ ಮಟ್ಟದಲ್ಲಿರಲಿ, ಬ್ರಷ್ ಅರ್ಧ ಇಂಚಿನದು ಸಾಕು. ಮೊದಲು ನೀವು ಸೀಮೆಸುಣ್ಣದಿಂದ ಬರೆದು, ಅದರ ಮೇಲೆ ನೀರಿನಿಂದ ಅಳಿಸಲು ಹೇಳಿದರೆ ಗೆರೆ ಬಿಟ್ಟು ಆಚೀಚೆ ಹೋಗುವುದಿಲ್ಲ.

ಕುಡ್ಲದ ಆಟಗಾತಿ

ಟೀಚರ್, ಐವರಿಗೆ ಒಂದೇ ಮಣೆ ಸಾಲದು. ಇಬ್ಬರಿಗೊಂದರಂತೆ ಎರಡು ಟ್ರೇ ಇಡಿ, ಐದನೆಯ ಮಗು ಕಾಯಿ ಎಣಿಸುವ ಯಜಮಾನ, ಪ್ರತಿ ಆಟಕ್ಕೆ ಸರದಿ ಬದಲಾಗಲಿ. ಗುಳಿಗೆ 2 ಕಾಯಿಯಂತೆ ಟ್ರೇಗೆ 28 ಬೀಜ, ಎರಡಕ್ಕೆ 56. ಡಬ್ಬಿಯ ಮುಚ್ಚಳದ ಒಳಗೆ ಆ ಸಂಖ್ಯೆ ಬರೆದು ಅಂಟಿಸಿ, ಮುಚ್ಚುವ ಮುನ್ನ ಯಜಮಾನ ಎಣಿಸಿ ಒಪ್ಪಿಸಲಿ. ಒಂದು ಕಡಿಮೆ ಬಂದರೂ ನೆಲ ಹುಡುಕಿದ ಮೇಲೇ ಡಬ್ಬಿ ಮುಚ್ಚುವುದು.